ಹಬ್ಬದ ಊಟಕ್ಕೆ ಹಸಿ ನೆಲ್ಲಿಯ ಚಟ್ನಿ

ಅಮೆರಿಕೆಯಲ್ಲಿ ನೆಲಸಿರುವ ನಮ್ಮ ಹಳೆಯ ವಿದ್ಯಾರ್ಥಿನಿಯೋರ್ವಳು ನನಗೊಂದು ಕಾಗದವನ್ನು ಬರೆದಿದ್ದಳು. ಆ ದೇಶದವರು ನವೆಂಬರ್ ತಿಂಗಳ ನಾಲ್ಕನೆಯ ಗುರುವಾರದಂದು ಆಚರಿಸುವ ಕೃತಜ್ಞತೆಯ ಹಬ್ಬದೂಟದಲ್ಲಿ, ಕ್ರ್ಯಾನ್‌ಬೆರಿ ಎಂಬ ಹುಳಿಯಾದ ಕೆಂಪು ಹಣ್ಣನ್ನು ಬೇಯಿಸದೆ ಕಿತ್ತಳೆಯೊಡನೆ ಅರೆದು, ಸಕ್ಕರೆ ಬೆರಸಿ ಬಡಿಸುವ ಮನೆಗಳುಂಟಂತೆ. “ಅಮ್ಮನವರೇ, ನಮ್ಮ ಕಡೆಯ ಹಬ್ಬದೂಟಕ್ಕೆ ಇಂಥದೊಂದು ಇಲ್ಲವಲ್ಲ” ಎಂದು ಅವಳು ಕೊರಗಿದ್ದಳು. ಉಂಟು, ಮಗಳೇ. ಇದ್ದುದನ್ನು ನಾವೇ ಎಲೆಯಿಂದ ಕೆಳಗಿಳಿಸಿದೆವು.

ಕಾರ್ತಿಕ ಮಾಸದಿಂದ ಸಂಕ್ರಾಂತಿಯು ಕಳೆಯುವವರೆಗೆ ದಾವಣಗೆರೆಯ ಸಂತೆಯಲ್ಲಿಯೂ ಹರಿಹರದ ಪೇಟೆಯಲ್ಲಿಯೂ ಬೆಟ್ಟದ ನೆಲ್ಲಿಕಾಯಿಯ ರಾಶಿಯನ್ನು ಕಾಣಬಹುದು. ತುಳಸಿಯ ಪೂಜೆಗೆ ನೆರೆಮನೆಯವರು ನೆಲ್ಲಿಯ ಕೊಂಬೆಯನ್ನು ತರುವರು. ಬಳಿಕ ನಮ್ಮ ಕ್ರಿಸ್ಮಸ್ ಬರುವುದು. ಆಮೇಲೆ ಸಂಕ್ರಾಂತಿಗೆ ಜನರು ಬುತ್ತಿ ಕಟ್ಟಿಕೊಂಡು ತುಂಗಭದ್ರೆಯ ದಂಡೆಗೆ ಹೋಗುವರು. ಈ ಎಲ್ಲ ಹಬ್ಬಗಳೂ ಒಂದೇ ಕಾಯಿಯ ಸುಗ್ಗಿಯಲ್ಲಿ ಬರುತ್ತವೆ. ಆದರೂ ಈಗ ಊಟಕ್ಕೆ ಕುಳಿತವರ ಮುಂದೆ ಬರುವುದು ಅಂಗಡಿಯ ಬಾಟಲಿ.

ಈ ತಪ್ಪನ್ನು ಮೊದಲು ಮಾಡಿದವಳು ನಾನೇ. ಸುಮಾರು ಇಪ್ಪತ್ತು ವರ್ಷಗಳ ಹಿಂದೆ, ತರಬೇತಿಯನ್ನು ಮುಗಿಸಿ ಕೆಲಸಕ್ಕೆ ಸೇರಿದ ಮೊದಲನೆಯ ವರ್ಷ, ಜೊತೆಯ ಉಪಾಧ್ಯಾಯಿನಿಯರನ್ನು ಕ್ರಿಸ್ಮಸ್ ಊಟಕ್ಕಾಗಿ ಹರಿಹರದ ನಮ್ಮ ಮನೆಗೆ ಕರೆದಿದ್ದೆನು. ನನ್ನ ತಾಯಿಯವರು ಬೆಳಗಿನ ಜಾವದಲ್ಲೆದ್ದು ನೆಲ್ಲಿಯ ಚಟ್ನಿಯನ್ನು ಕುಟ್ಟಿಟ್ಟಿದ್ದರು. ಹಳ್ಳಿಯ ಅಡಿಗೆಯೆಂದು ನಾಚಿಕೊಂಡ ನಾನು ಅದನ್ನು ಒಳಗೇ ಮುಚ್ಚಿಟ್ಟು, ಸಾಸಿನ ಬಾಟಲಿಯನ್ನು ಮೇಜಿನ ಮೇಲಿರಿಸಿದೆನು. ತಾಯಿಯವರು ಒಂದು ಮಾತನ್ನೂ ಆಡಲಿಲ್ಲ. ಮರುವರ್ಷ ಅವರು ನೆಲ್ಲಿಕಾಯಿಯನ್ನು ತರಿಸಲೂ ಇಲ್ಲ. ಅವರು ತೀರಿಕೊಂಡ ಮೇಲೆ ಆ ಚಟ್ನಿಯ ಅಳತೆಯನ್ನು ನಾನು ನೆರೆಮನೆಯ ಅಜ್ಜಿಯವರಿಂದ ಕೇಳಿ ಕಲಿಯಬೇಕಾಯಿತು.

ಇದು ರುಚಿಯೊಂದರ ಮಾತಲ್ಲ. 2019-21ರ ರಾಷ್ಟ್ರೀಯ ಕುಟುಂಬ ಆರೋಗ್ಯ ಸಮೀಕ್ಷೆಯ ಪ್ರಕಾರ ಕರ್ನಾಟಕದ 15ರಿಂದ 49 ವಯಸ್ಸಿನ ಹೆಂಗಸರಲ್ಲಿ ಹೆಚ್ಚುಕಡಿಮೆ ಅರ್ಧದಷ್ಟು ಮಂದಿಗೆ ರಕ್ತಹೀನತೆಯುಂಟು. ಬೆಳಗಿನ ಪ್ರಾರ್ಥನೆಯಲ್ಲಿ ತಲೆತಿರುಗಿ ಕುಳಿತುಬಿಡುವ ಹುಡುಗಿಯರನ್ನು ನಾನು ಪ್ರತಿವರ್ಷವೂ ಕಾಣುತ್ತಿರುವೆನು. ನಮ್ಮ ಜೋಳ, ಸಜ್ಜೆ, ಸೊಪ್ಪುಗಳಲ್ಲಿ ಕಬ್ಬಿಣಾಂಶವಿದ್ದರೂ ಅದು ದೇಹಕ್ಕೆ ಸುಲಭವಾಗಿ ಹತ್ತುವುದಿಲ್ಲ. ಅದೇ ಊಟದಲ್ಲಿ ಸಿ ಜೀವಸತ್ವವಿದ್ದರೆ ಹೆಚ್ಚಾಗಿ ಹತ್ತುತ್ತದೆ. ಹೈದರಾಬಾದಿನ ರಾಷ್ಟ್ರೀಯ ಪೋಷಣಾ ಸಂಸ್ಥೆಯ 2017ರ ಪಟ್ಟಿಯಂತೆ 100 ಗ್ರಾಂ ನೆಲ್ಲಿಯಲ್ಲಿ ಈ ಸತ್ವವು ಸುಮಾರು 250 ಮಿಲಿಗ್ರಾಂ ಇರುವುದು. ಹಾಗಾದರೆ 20 ಗ್ರಾಂ ಕಾಯಿಯಲ್ಲಿ 50 ಮಿಲಿಗ್ರಾಂ ಆಯಿತು. ಪ್ರಾಯದ ಹೆಂಗಸಿಗೆ ದಿನಕ್ಕೆ 65 ಮಿಲಿಗ್ರಾಂ ಬೇಕೆಂದು 2020ರಲ್ಲಿ ಭಾರತೀಯ ವೈದ್ಯಕೀಯ ಸಂಶೋಧನಾ ಮಂಡಳಿಯು ಗೊತ್ತುಪಡಿಸಿತು. ಕುದಿಸಿದರೆ ಈ ಸತ್ವವು ಕುಗ್ಗುವುದರಿಂದಲೇ ಹಸಿಯ ಚಟ್ನಿಗೆ ಹೆಚ್ಚಿನ ಬೆಲೆ. ಊಟವಾದೊಡನೆ ಚಹ ಕುಡಿಯುವ ನಮ್ಮೂರ ರೂಢಿಯು ಕಬ್ಬಿಣಾಂಶವನ್ನು ತಡೆಯುವುದೆಂಬುದನ್ನೂ ತಾಯಂದಿರು ನೆನಪಿನಲ್ಲಿಡಬೇಕು. ಆದರೆ ಚಟ್ನಿಯು ಔಷಧವಲ್ಲ; ರಕ್ತಹೀನತೆಯುಳ್ಳ ಹುಡುಗಿಯನ್ನು ವೈದ್ಯರ ಬಳಿಗೆ ಕರೆದೊಯ್ಯಲೇಬೇಕು.

ಮಾಡುವ ಕ್ರಮವು ಸುಲಭವಾದುದು. ಕಾಲು ಕಿಲೋ ನೆಲ್ಲಿಕಾಯಿಯನ್ನು ತೊಳೆದು, ನೀರಿನ ಪಸೆಯಿಲ್ಲದಂತೆ ಒರಸಿ, ಕಾಯಿಯ ಮೇಲಿನ ಗೆರೆಗಳ ಗುಂಟ ಹೆಚ್ಚಿ ಬೀಜವನ್ನು ತೆಗೆಯಿರಿ. ನಾಲ್ಕು ಹಸಿಮೆಣಸಿನಕಾಯಿ, ಒಂದಂಗುಲ ಶುಂಠಿ, ಅರ್ಧ ಚಮಚ ಜೀರಿಗೆ, ಒಂದು ಚಮಚ ಉಪ್ಪು, ಸಣ್ಣ ನಿಂಬೆಗಾತ್ರದ ಬೆಲ್ಲ ಮತ್ತು ಒಂದು ಹಿಡಿ ಕೊತ್ತಂಬರಿ ಸೊಪ್ಪಿನೊಡನೆ, ನೀರು ಹಾಕದೆ, ತರಿತರಿಯಾಗಿ ಕುಟ್ಟಿರಿ. ಸಾಸಿವೆ ಇಂಗಿನ ಒಗ್ಗರಣೆಯನ್ನು ಆರಿಸಿ ಬೆರಸಿರಿ. ಹುಳಿಯ ಪದಾರ್ಥವಾದುದರಿಂದ ತಾಮ್ರ ಹಿತ್ತಾಳೆಯ ಪಾತ್ರೆಗಳು ಸಲ್ಲವು. ಗಾಜು ಅಥವಾ ಪಿಂಗಾಣಿಯೇ ಲೇಸು. ಊಟದ ಹೊತ್ತಿಗೆ ಸರಿಯಾಗಿ ಮಾಡಿ ಅಂದೇ ಮುಗಿಸತಕ್ಕದ್ದು. ಮಕ್ಕಳಿಗೆ ಒಗರೆನಿಸಿದರೆ ಮೊಸರಿನಲ್ಲಿ ಕಲಸಿಕೊಡಿರಿ.

ಹೆಣ್ಣುಮಕ್ಕಳು ಓದಿ ವೈದ್ಯರೂ ಇಂಜಿನಿಯರರೂ ಆಗುತ್ತಿರುವಾಗ ಮುಖ್ಯೋಪಾಧ್ಯಾಯಿನಿಯು ಅವರನ್ನು ಮತ್ತೆ ಒರಳಿನ ಬಳಿಗೆ ಕರೆಯುವುದು ಸರಿಯೇ ಎಂದು ಕೆಲವರು ಕೇಳಿಯಾರು. ನ್ಯಾಯವಾದ ಪ್ರಶ್ನೆ. ಈ ಕೆಲಸವನ್ನು ತಾಯಿಯೊಬ್ಬಳ ತಲೆಯ ಮೇಲೆ ಹೊರಿಸುವುದಾದರೆ ನಾನೂ ಬೇಡವೆನ್ನುವೆನು. ಇದಕ್ಕೆ ಒಲೆಯ ಮುಂದೆ ನಿಲ್ಲುವ ಕಾಲವು ಒಗ್ಗರಣೆಯಷ್ಟೇ. ಒಟ್ಟು ಅರ್ಧ ಗಂಟೆಯೂ ಹಿಡಿಯದು. ತಂದೆಯವರು ಬೀಜ ತೆಗೆಯಲಿ, ಅಣ್ಣತಮ್ಮಂದಿರು ಕುಟ್ಟಲಿ. ಒರಳಿಲ್ಲದ ಮನೆಯಲ್ಲಿ ಮಿಕ್ಸಿಯಾದರೂ ಸಾಕು.

ಹಳೆಯ ವಿದ್ಯಾರ್ಥಿನಿಯರೇ, ನಿಮ್ಮ ತಾಯಿಯೋ ಅತ್ತೆಯೋ ಇನ್ನೂ ಇರುವಾಗಲೇ ಅವರ ಕೈಯ ಅಳತೆಯನ್ನು ಕೇಳಿ ಬರೆದಿಟ್ಟುಕೊಳ್ಳಿರಿ. ಅವರು ಮಾಡಿದ್ದನ್ನು ಬಂದ ಅತಿಥಿಗಳ ಮುಂದೆ ನಾಚದೆ ಬಡಿಸಿರಿ. ನಾನು ಬಡಿಸಲಿಲ್ಲ. ಈ ಕ್ರಿಸ್ಮಸಿಗೆ ನಮ್ಮ ವಿದ್ಯಾರ್ಥಿನಿಯರ ಊಟದಲ್ಲಿ ಮೊದಲು ಬಡಿಸುವುದು ಆ ಚಟ್ನಿಯನ್ನೇ.