ಠಾಣೆಯಲ್ಲಿ ‘ಸರ್ವರ್ ಇಲ್ಲ’ ಎನ್ನುವಂತಿಲ್ಲ

‘ಸರ್ವರ್ ಇಲ್ಲ, ನಾಳೆ ಬನ್ನಿ’. ಸರ್ಕಾರಿ ಕಚೇರಿಯ ಕಿಟಕಿಯ ಮುಂದೆ ನಿಂತ ಕನ್ನಡಿಗರೆಲ್ಲರೂ ಒಮ್ಮೆಯಾದರೂ ಕೇಳಿರುವ ಮಾತಿದು. ಪಹಣಿ, ಪಡಿತರ, ನೋಂದಣಿಯ ವಿಷಯದಲ್ಲಿ ಈ ಮಾತನ್ನು ಜನರು ಗೊಣಗುತ್ತಲೇ ಸಹಿಸಿಕೊಂಡಿದ್ದಾರೆ. ಅದೇ ಮಾತು ಪೊಲೀಸ್ ಠಾಣೆಯಲ್ಲಿ ಕೇಳಿಬಂದರೆ ಅದರ ಅರ್ಥವೇ ಬೇರೆಯಾಗುತ್ತದೆ. ಅಲ್ಲಿ ಕಳೆದುಹೋಗುವುದು ಒಂದು ದಿನದ ಕೂಲಿ ಮಾತ್ರವಲ್ಲ. ಸಾಕ್ಷ್ಯ, ಸುಳಿವು, ಕೆಲವೊಮ್ಮೆ ವ್ಯಕ್ತಿಯೊಬ್ಬನ ಸ್ವಾತಂತ್ರ್ಯವೂ ಅಪಾಯಕ್ಕೆ ಸಿಲುಕುತ್ತದೆ.

ಬೀದರ್‌ನಿಂದ ಹುಮನಾಬಾದ್‌ಗೆ ಹೋಗುವ ಹೆದ್ದಾರಿಯಲ್ಲಿರುವ ಹಳ್ಳಿಖೇಡ (ಬಿ) ಊರನ್ನು ಉದಾಹರಣೆಯಾಗಿ ತೆಗೆದುಕೊಳ್ಳಬಹುದು. ಹುಮನಾಬಾದ್‌ನಲ್ಲಿ ಈ ಹೆದ್ದಾರಿಯು ಪುಣೆ–ಹೈದರಾಬಾದ್ ಹೆದ್ದಾರಿಯನ್ನು ಸಂಧಿಸುತ್ತದೆ. ಪಶ್ಚಿಮಕ್ಕೆ ಸಾಗಿದರೆ ಬಸವಕಲ್ಯಾಣ ತಾಲ್ಲೂಕನ್ನು ದಾಟಿ ಮಹಾರಾಷ್ಟ್ರದ ಉಮರ್ಗಾ. ಪೂರ್ವಕ್ಕೆ ಸಾಗಿದರೆ ತೆಲಂಗಾಣದ ಜಹೀರಾಬಾದ್. ಅಪರಾಧಿಯೊಬ್ಬ ಒಂದೆರಡು ತಾಸಿನಲ್ಲಿ ಮೂರು ರಾಜ್ಯಗಳನ್ನು ಹಾದುಹೋಗಬಲ್ಲ ಪ್ರದೇಶವಿದು. ಆದರೆ ಇಲ್ಲಿನ ಠಾಣೆಗಳು ದಾಖಲಿಸುವ ಮಾಹಿತಿ ಸುಮಾರು 700 ಕಿ.ಮೀ. ದೂರದ ಬೆಂಗಳೂರಿನ ದತ್ತಾಂಶ ಕೇಂದ್ರವನ್ನು ತಲುಪಿದ ನಂತರವೇ ನೆರೆಯ ತಾಲ್ಲೂಕಿನ ಪರದೆಯ ಮೇಲೆ ಮೂಡಬೇಕು.

ಇದು ಕೇವಲ ಊಹೆಯ ಮಾತಲ್ಲ. 2025ರ ಜನವರಿ 16ರಂದು ಬೀದರ್ ನಗರದಲ್ಲಿ ಎಟಿಎಂಗೆ ತುಂಬಬೇಕಿದ್ದ ಹಣವನ್ನು ಸಾಗಿಸುತ್ತಿದ್ದ ಸಿಬ್ಬಂದಿಯ ಮೇಲೆ ಹಾಡಹಗಲೇ ಗುಂಡಿನ ದಾಳಿ ನಡೆಯಿತು. ಬೈಕಿನಲ್ಲಿ ಪರಾರಿಯಾದ ದುಷ್ಕರ್ಮಿಗಳು ಅದೇ ದಿನ ಹೈದರಾಬಾದ್‌ನ ಅಫ್ಜಲ್‌ಗಂಜ್‌ನಲ್ಲಿ ಮತ್ತೆ ಗುಂಡು ಹಾರಿಸಿದರು. ಒಂದು ರಾಜ್ಯದ ಪೊಲೀಸರಿಗೆ ತಿಳಿದದ್ದು ಇನ್ನೊಂದು ರಾಜ್ಯದ ಪೊಲೀಸರಿಗೆ ನಿಮಿಷಗಳಲ್ಲಿ ತಿಳಿಯಬೇಕಾದ ಅಗತ್ಯಕ್ಕೆ ಇದಕ್ಕಿಂತ ಸ್ಪಷ್ಟವಾದ ನಿದರ್ಶನ ಬೇಕಿಲ್ಲ.

ಠಾಣೆಗಳ ಗಣಕೀಕರಣ ಹೊಸತೇನಲ್ಲ. ರಾಷ್ಟ್ರೀಯ ಅಪರಾಧ ದಾಖಲೆಗಳ ಬ್ಯೂರೊ ಸ್ಥಾಪನೆಯಾದದ್ದು 1986ರಲ್ಲಿ. 2008ರ ಮುಂಬೈ ದಾಳಿಯ ನಂತರ, 2009ರ ಜೂನ್‌ನಲ್ಲಿ ಕೇಂದ್ರ ಸರ್ಕಾರವು 2,000 ಕೋಟಿ ರೂಪಾಯಿ ವೆಚ್ಚದ ‘ಅಪರಾಧ ಮತ್ತು ಅಪರಾಧಿಗಳ ಪತ್ತೆ ಜಾಲ’ (ಸಿಸಿಟಿಎನ್ಎಸ್) ಯೋಜನೆಗೆ ಒಪ್ಪಿಗೆ ನೀಡಿತು. ಕರ್ನಾಟಕವು ‘ಪೊಲೀಸ್ ಐಟಿ’ ಎಂಬ ತನ್ನದೇ ತಂತ್ರಾಂಶವನ್ನು ರೂಪಿಸಿಕೊಂಡು ಅದನ್ನು ರಾಷ್ಟ್ರೀಯ ಜಾಲಕ್ಕೆ ಜೋಡಿಸಿತು. ಇದು ಮೆಚ್ಚತಕ್ಕ ಕೆಲಸವೇ. ಆದರೆ ಈ ಎಲ್ಲ ಯೋಜನೆಗಳ ಯಶಸ್ಸನ್ನು ನಾವು ಅಳೆಯುತ್ತ ಬಂದದ್ದು ಎಷ್ಟು ಠಾಣೆಗಳಿಗೆ ಸಂಪರ್ಕ ಸಿಕ್ಕಿತು ಎಂಬ ಲೆಕ್ಕದಿಂದ. ಆ ಸಂಪರ್ಕ ವರ್ಷದಲ್ಲಿ ಎಷ್ಟು ಗಂಟೆ ಜೀವಂತವಾಗಿತ್ತು ಎಂಬ ಪ್ರಶ್ನೆ ಸಾರ್ವಜನಿಕ ಚರ್ಚೆಗೆ ಬಂದದ್ದೇ ಕಡಿಮೆ.

ಈ ಪ್ರಶ್ನೆಯನ್ನು ನ್ಯಾಯಾಂಗ ಗಮನಿಸಿದೆ. 2016ರ ಸೆಪ್ಟೆಂಬರ್ 7ರಂದು ಯೂತ್ ಬಾರ್ ಅಸೋಸಿಯೇಷನ್ ಪ್ರಕರಣದಲ್ಲಿ ಸುಪ್ರೀಂ ಕೋರ್ಟ್, ಸೂಕ್ಷ್ಮ ಪ್ರಕರಣಗಳನ್ನು ಬಿಟ್ಟು ಉಳಿದ ಪ್ರಥಮ ವರ್ತಮಾನ ವರದಿಗಳನ್ನು (ಎಫ್‌ಐಆರ್) 24 ಗಂಟೆಯೊಳಗೆ ಅಂತರ್ಜಾಲದಲ್ಲಿ ಪ್ರಕಟಿಸಬೇಕೆಂದು ಆದೇಶಿಸಿತು. ಭೌಗೋಳಿಕ ಕಾರಣಗಳಿಂದ ಸಂಪರ್ಕದ ತೊಂದರೆಯಿದ್ದಲ್ಲಿ ಈ ಅವಧಿಯನ್ನು 48 ಗಂಟೆಗೆ, ಅತಿ ಹೆಚ್ಚೆಂದರೆ 72 ಗಂಟೆಗೆ ವಿಸ್ತರಿಸಬಹುದೆಂದೂ ಹೇಳಿತು. ವಾಸ್ತವವನ್ನು ಅರಿತ ವಿನಾಯಿತಿ ಇದು. ಆದರೆ ಇದರ ಪರಿಣಾಮವೆಂದರೆ, ರಾಜಧಾನಿಯ ನಾಗರಿಕನಿಗೆ ಒಂದು ದಿನದಲ್ಲಿ ದೊರೆಯುವ ಮಾಹಿತಿ ಸಂಪರ್ಕವಿಲ್ಲದ ಊರಿನವನಿಗೆ ಮೂರು ದಿನಗಳಾದ ಮೇಲೆ ದೊರೆಯಬಹುದು. ವಿನಾಯಿತಿಯು ರೂಢಿಯಾಗದಂತೆ ನೋಡಿಕೊಳ್ಳುವುದು ಆಡಳಿತದ ಹೊಣೆ.

2024ರ ಜುಲೈ 1ರಿಂದ ಜಾರಿಗೆ ಬಂದ ಹೊಸ ಅಪರಾಧ ಕಾನೂನುಗಳು ಈ ಹೊಣೆಯನ್ನು ಇನ್ನಷ್ಟು ಹೆಚ್ಚಿಸಿವೆ. ಭಾರತೀಯ ನಾಗರಿಕ ಸುರಕ್ಷಾ ಸಂಹಿತೆಯ 173ನೇ ಕಲಮಿನ ಪ್ರಕಾರ, ಅಪರಾಧ ಎಲ್ಲಿಯೇ ನಡೆದಿದ್ದರೂ ಯಾವುದೇ ಠಾಣೆಯಲ್ಲಿ ಮಾಹಿತಿ ನೀಡಬಹುದು. ವಿದ್ಯುನ್ಮಾನ ರೂಪದಲ್ಲಿಯೂ ಮಾಹಿತಿ ಕಳುಹಿಸಬಹುದು. ಮೂರು ದಿನಗಳೊಳಗೆ ದೂರುದಾರ ಸಹಿ ಹಾಕಿದರೆ ಅದು ದಾಖಲೆಗೆ ಸೇರುತ್ತದೆ. ಶೋಧ ಮತ್ತು ಜಪ್ತಿಯನ್ನು ಧ್ವನಿ–ದೃಶ್ಯ ಮಾಧ್ಯಮದಲ್ಲಿ ಚಿತ್ರೀಕರಿಸಿ ವಿಳಂಬವಿಲ್ಲದೆ ಮ್ಯಾಜಿಸ್ಟ್ರೇಟರಿಗೆ ಕಳುಹಿಸಬೇಕೆಂದು 105ನೇ ಕಲಮು ಹೇಳುತ್ತದೆ. ಹಿಂದೆ ಗಣಕಯಂತ್ರವು ಠಾಣೆಗೆ ಅನುಕೂಲವಾಗಿತ್ತು. ಈಗ ಅದು ಕಾನೂನಿನ ಪ್ರಕ್ರಿಯೆಯ ಅವಿಭಾಜ್ಯ ಅಂಗ. ಜಾಲ ಕಡಿದುಹೋದ ಕಾರಣಕ್ಕೆ ವಿಡಿಯೊ ತಡವಾಗಿ ತಲುಪಿದರೆ, ಆ ನಡುವಿನ ಗಂಟೆಗಳಲ್ಲಿ ಏನಾಯಿತೆಂದು ಆರೋಪಿಯ ಪರ ವಕೀಲರು ಕೇಳುವುದು ಸಹಜ. ಎಫ್‌ಐಆರ್ ವಿಳಂಬವು ಕಲ್ಪಿತ ಸೇರ್ಪಡೆಗಳಿಗೆ ಎಡೆಮಾಡಿಕೊಡುತ್ತದೆಂದು ಸುಪ್ರೀಂ ಕೋರ್ಟ್ 1972ರ ತುಲಿಯಾ ಕಾಳಿ ಪ್ರಕರಣದಲ್ಲಿಯೇ ಎಚ್ಚರಿಸಿತ್ತು.

ಸದಾ ಲಭ್ಯವಿರುವ ವ್ಯವಸ್ಥೆ ಎಂದರೇನು ಎಂಬುದನ್ನು ಸರಳ ಲೆಕ್ಕದಿಂದ ತಿಳಿಯಬಹುದು. ಶೇ 99ರಷ್ಟು ಲಭ್ಯತೆ ಎಂದರೆ ಕೇಳಲು ಚೆನ್ನಾಗಿದೆ. ಆದರೆ ಅದರರ್ಥ ವರ್ಷಕ್ಕೆ ಸುಮಾರು 88 ಗಂಟೆ, ಅಂದರೆ ಮೂರೂವರೆ ದಿನಕ್ಕೂ ಮಿಗಿಲಾದ ಸ್ಥಗಿತ. ಶೇ 99.9 ಎಂದರೆ ಎಂಟೂ ಮುಕ್ಕಾಲು ಗಂಟೆ. ಶೇ 99.99 ಎಂದರೆ 53 ನಿಮಿಷ. ಬೆಂಗಳೂರಿನ ದತ್ತಾಂಶ ಕೇಂದ್ರ ಶೇ 99.9ರಷ್ಟು ಕಾಲ ಕೆಲಸ ಮಾಡುತ್ತದೆ, ಠಾಣೆಯ ಜಾಲಸಂಪರ್ಕ ಮತ್ತು ವಿದ್ಯುತ್ತು ತಲಾ ಶೇ 99ರಷ್ಟು ಕಾಲ ಇರುತ್ತವೆ ಎಂದಿಟ್ಟುಕೊಳ್ಳೋಣ. ಮೂರೂ ಏಕಕಾಲಕ್ಕೆ ಇದ್ದರೆ ಮಾತ್ರ ಕೆಲಸ ನಡೆಯುವುದರಿಂದ ಠಾಣೆಯ ಪಾಲಿಗೆ ದಕ್ಕುವುದು ಶೇ 98ಕ್ಕಿಂತ ಕಡಿಮೆ. ವರ್ಷದಲ್ಲಿ ಏಳೂವರೆ ದಿನ ಅದು ಕುರುಡಾಗಿರುತ್ತದೆ. ಬೆಂಗಳೂರಿನಲ್ಲಿ ಕುಳಿತು ನೋಡುವವರಿಗೆ ವ್ಯವಸ್ಥೆ ಸುಸ್ಥಿತಿಯಲ್ಲಿದೆ. ಹಳ್ಳಿಖೇಡದಲ್ಲಿ ಕುಳಿತವರಿಗೆ ಇಲ್ಲ. ಇಬ್ಬರು ಹೇಳುವುದೂ ನಿಜವೇ.

ಇದೇ ಲೆಕ್ಕ ಪರಿಹಾರವನ್ನೂ ಸೂಚಿಸುತ್ತದೆ. ಶೇ 99ರ ಒಂದು ಸಂಪರ್ಕದ ಜೊತೆಗೆ ಅಷ್ಟೇ ಗುಣಮಟ್ಟದ, ಆದರೆ ಸಂಪೂರ್ಣ ಸ್ವತಂತ್ರವಾದ ಇನ್ನೊಂದು ಸಂಪರ್ಕವಿದ್ದರೆ ಎರಡೂ ಒಟ್ಟಿಗೆ ಕೈಕೊಡುವ ಸಾಧ್ಯತೆ ಹತ್ತು ಸಾವಿರಕ್ಕೆ ಒಂದು. ಇಲ್ಲಿ ಮುಖ್ಯವಾದುದು ‘ಸ್ವತಂತ್ರ’ ಎಂಬ ಪದ. ಎರಡು ಕಂಪನಿಗಳ ಕೇಬಲ್‌ಗಳು ಒಂದೇ ಕಾಲುವೆಯಲ್ಲಿ ಸಾಗಿದ್ದರೆ, ರಸ್ತೆ ಅಗಲೀಕರಣದ ಜೆಸಿಬಿಗೆ ಅವೆರಡೂ ಒಂದೇ.

ಬದಲಿ ವ್ಯವಸ್ಥೆ ಕಾಗದದ ಮೇಲೆ ಇದ್ದರೆ ಸಾಲದು ಎಂಬುದಕ್ಕೆ ಲಂಡನ್ನಿನ ಆಂಬುಲೆನ್ಸ್ ಸೇವೆಯ ಅನುಭವವೇ ಸಾಕ್ಷಿ. 1992ರ ಅಕ್ಟೋಬರ್ 26ರಂದು ಅಲ್ಲಿ ಸಂಪೂರ್ಣ ಗಣಕೀಕೃತ ರವಾನೆ ವ್ಯವಸ್ಥೆ ಆರಂಭವಾಗಿ ಕೆಲವೇ ಗಂಟೆಗಳಲ್ಲಿ ಗೊಂದಲಕ್ಕೀಡಾಯಿತು. ನವೆಂಬರ್ 4ರಂದು ಸಣ್ಣದೊಂದು ದೋಷದಿಂದ ಅದು ಪೂರ್ತಿ ನಿಂತಾಗ ಬದಲಿ ಸರ್ವರ್ ನೆರವಿಗೆ ಬರಲಿಲ್ಲ. ಅದನ್ನು ಸಮರ್ಪಕವಾಗಿ ಪರೀಕ್ಷಿಸಿಯೇ ಇರಲಿಲ್ಲ. ನಮ್ಮಲ್ಲಿಯೂ 2022ರ ನವೆಂಬರ್‌ನಲ್ಲಿ ದೆಹಲಿಯ ಏಮ್ಸ್ ಆಸ್ಪತ್ರೆ ಸೈಬರ್ ದಾಳಿಗೆ ತುತ್ತಾಗಿ ಹಲವು ದಿನ ಕೈಬರಹಕ್ಕೆ ಮರಳಬೇಕಾಯಿತು. 2025ರ ಆರಂಭದಲ್ಲಿ ರಾಜ್ಯದ ನೋಂದಣಿ ಇಲಾಖೆಯ ಕಾವೇರಿ 2.0 ತಂತ್ರಾಂಶ ಇಂಥದೇ ದಾಳಿಯಿಂದ ತತ್ತರಿಸಿದ್ದನ್ನು ಓದುಗರು ಮರೆತಿರಲಾರರು.

ಲಭ್ಯತೆಯಷ್ಟೇ ಮುಖ್ಯವಾದುದು ದಾಖಲೆಯ ವಿಶ್ವಾಸಾರ್ಹತೆ. 2021ರ ಜನವರಿಯಲ್ಲಿ ಬ್ರಿಟನ್ನಿನ ಪೊಲೀಸ್ ರಾಷ್ಟ್ರೀಯ ಗಣಕದಿಂದ ಎರಡು ಲಕ್ಷಕ್ಕೂ ಹೆಚ್ಚು ಅಪರಾಧ ದಾಖಲೆಗಳು ತಪ್ಪಾಗಿ ಅಳಿಸಿಹೋದ ಸಂಗತಿ ಬಯಲಾಯಿತು. ಯಂತ್ರ ನಿಂತಿರಲಿಲ್ಲ, ಆದರೆ ಅದರಲ್ಲಿ ಇರಬೇಕಾದುದು ಇರಲಿಲ್ಲ. ನಮ್ಮ ಗಡಿಸೀಮೆಗೆ ಇನ್ನೊಂದು ತೊಡಕಿದೆ. ನಿಜಾಮರ ಕಾಲದಿಂದ ಬಂದ ರೂಢಿಯಂತೆ ಇಲ್ಲಿ ಒಂದೇ ಹೆಸರಿನ ಊರುಗಳನ್ನು ಬಿ ಮತ್ತು ಕೆ ಅಕ್ಷರಗಳಿಂದ ಬೇರ್ಪಡಿಸುತ್ತಾರೆ. ಬುಜುರ್ಗ್ ಎಂದರೆ ಹಿರಿದು, ಖುರ್ದ್ ಎಂದರೆ ಕಿರಿದು. ಆವರಣದೊಳಗಿನ ಆ ಒಂದು ಅಕ್ಷರ ಬಿಟ್ಟುಹೋದರೆ ವಿಳಾಸವೇ ಬದಲಾಗಬಹುದು. ಒಬ್ಬನೇ ವ್ಯಕ್ತಿಯ ಹೆಸರನ್ನು ಇಲ್ಲಿ ಕನ್ನಡದಲ್ಲಿ, ಉಮರ್ಗಾದಲ್ಲಿ ಮರಾಠಿಯಲ್ಲಿ, ಜಹೀರಾಬಾದ್‌ನಲ್ಲಿ ತೆಲುಗಿನಲ್ಲಿ ಬರೆದಿದ್ದರೆ ಅವೆಲ್ಲ ಒಬ್ಬನವೇ ಎಂದು ಗಣಕಯಂತ್ರ ತಾನಾಗಿ ಅರಿಯಲಾರದು. ತಪ್ಪು ಹೊಂದಾಣಿಕೆಯಾದರೆ ನಿರಪರಾಧಿಯೊಬ್ಬ ಠಾಣೆಯ ಮೆಟ್ಟಿಲು ಹತ್ತಬೇಕಾಗುತ್ತದೆ.

ಆದ್ದರಿಂದ ಸದಾ ಎಚ್ಚರವಿರುವ ಗಣಕಜಾಲಕ್ಕೆ ಸದಾ ಎಚ್ಚರವಿರುವ ಕಾವಲೂ ಬೇಕು. ಯಾರು, ಯಾವಾಗ, ಯಾರ ಮಾಹಿತಿಯನ್ನು ತೆರೆದು ನೋಡಿದರು ಎಂಬ ದಾಖಲೆ ಅಳಿಸಲಾಗದಂತೆ ಉಳಿಯಬೇಕು. ಖಾಸಗಿತನವು ಮೂಲಭೂತ ಹಕ್ಕೆಂದು 2017ರಲ್ಲಿ ಸುಪ್ರೀಂ ಕೋರ್ಟ್ ಸಾರಿದ ಪ್ರಕರಣದ ಅರ್ಜಿದಾರರು ಕರ್ನಾಟಕ ಹೈಕೋರ್ಟಿನ ನಿವೃತ್ತ ನ್ಯಾಯಮೂರ್ತಿ ಕೆ.ಎಸ್. ಪುಟ್ಟಸ್ವಾಮಿ ಅವರೆಂಬುದನ್ನು ಈ ರಾಜ್ಯವಾದರೂ ನೆನಪಿಡಬೇಕು.

ಠಾಣೆಗಳಲ್ಲಿ ಸಿಬ್ಬಂದಿಯ ಕೊರತೆಯಿರುವಾಗ ಯಂತ್ರಗಳಿಗೇಕೆ ಹಣ ಎಂದು ಕೇಳುವವರಿದ್ದಾರೆ. ಪ್ರಶ್ನೆ ಅಸಂಗತವಲ್ಲ. ಆದರೆ ಇಲ್ಲಿ ಬೇಕಾಗಿರುವುದು ಭಾರಿ ಹೊಸ ಯೋಜನೆಯಲ್ಲ. ಗಡಿ ಠಾಣೆಗಳಿಗೆ ಬೇರೆ ಮಾರ್ಗದ ಎರಡನೆಯ ಸಂಪರ್ಕ. ಒಂದು ರಾತ್ರಿಯನ್ನಾದರೂ ನಿಭಾಯಿಸಬಲ್ಲ ಬ್ಯಾಟರಿ. ಜಾಲವಿಲ್ಲದಾಗಲೂ ಠಾಣೆಯಲ್ಲೇ ದಾಖಲಿಸಿಕೊಂಡು ಸಂಪರ್ಕ ಮರಳಿದೊಡನೆ ತಾನಾಗಿ ರವಾನಿಸುವ ತಂತ್ರಾಂಶ. ವರ್ಷಕ್ಕೆರಡು ಬಾರಿ ಮುಖ್ಯ ಸರ್ವರನ್ನು ಬೇಕೆಂದೇ ನಿಲ್ಲಿಸಿ ಬದಲಿ ವ್ಯವಸ್ಥೆಯನ್ನು ಪರೀಕ್ಷಿಸುವ ಶಿಸ್ತು. 371ಜೆ ವಿಧಿಯ ವಿಶೇಷ ಸ್ಥಾನಮಾನ ಪಡೆದಿರುವ ಕಲ್ಯಾಣ ಕರ್ನಾಟಕದ ಅಭಿವೃದ್ಧಿಯ ಲೆಕ್ಕದಲ್ಲಿ ಇವಕ್ಕೂ ಸ್ಥಳವಿರಬೇಕು. ಜೊತೆಗೆ, ಪ್ರತಿ ಠಾಣೆಯ ಜಾಲ ತಿಂಗಳಲ್ಲಿ ಎಷ್ಟು ಗಂಟೆ ನಿಂತಿತ್ತು ಎಂಬ ಅಂಕಿಅಂಶವನ್ನು ಇಲಾಖೆಯೇ ಪ್ರಕಟಿಸಲಿ. ಅಳೆಯದ ದೋಷವನ್ನು ಯಾರೂ ಸರಿಪಡಿಸುವುದಿಲ್ಲ.

ಕೊನೆಯದಾಗಿ ಒಂದು ಮಾತು. ಎಂಥ ವ್ಯವಸ್ಥೆಯೂ ಒಂದಲ್ಲ ಒಂದು ದಿನ ನಿಲ್ಲುತ್ತದೆ. ಸಂಜ್ಞೇಯ ಅಪರಾಧದ ಮಾಹಿತಿ ಬಂದರೆ ಎಫ್‌ಐಆರ್ ದಾಖಲಿಸುವುದು ಕಡ್ಡಾಯವೆಂದು 2013ರ ಲಲಿತಾ ಕುಮಾರಿ ಪ್ರಕರಣದಲ್ಲಿ ಸಂವಿಧಾನ ಪೀಠ ಹೇಳಿದೆ. ಸರ್ವರ್ ಇದ್ದರೆ ಮಾತ್ರ ಎಂಬ ಷರತ್ತನ್ನು ಅದು ಹಾಕಿಲ್ಲ. ಬಂಧಿತನನ್ನು 24 ಗಂಟೆಯೊಳಗೆ ಮ್ಯಾಜಿಸ್ಟ್ರೇಟರ ಮುಂದೆ ಹಾಜರುಪಡಿಸಬೇಕೆಂಬ ಸಂವಿಧಾನದ ಗಡಿಯಾರವೂ ವಿದ್ಯುತ್ತು ಹೋದಾಗ ನಿಲ್ಲುವುದಿಲ್ಲ. ಆದ್ದರಿಂದ ಪರದೆ ಕಪ್ಪಾದ ರಾತ್ರಿ ಹಳ್ಳಿಖೇಡದ ಠಾಣೆಗೆ ಬಂದ ರೈತನಿಗೆ ‘ನಾಳೆ ಬನ್ನಿ’ ಎನ್ನುವ ಬದಲು ಬಿಳಿಹಾಳೆ ತೆಗೆದು ದೂರನ್ನು ಬರೆದುಕೊಳ್ಳುವುದು ಠಾಣಾಧಿಕಾರಿಯ ಕರ್ತವ್ಯ. ಆತ ಹಾಗೆ ಬರೆದುಕೊಂಡದ್ದನ್ನು ಮರುದಿನ ಒಂದಕ್ಷರವೂ ವ್ಯತ್ಯಾಸವಾಗದಂತೆ ತನ್ನೊಳಗೆ ಸೇರಿಸಿಕೊಳ್ಳುವ ಗಣಕಜಾಲವನ್ನು ಕೊಡುವುದು ಸರ್ಕಾರದ ಕರ್ತವ್ಯ.