ನೋವಿಗೆ ಯಾವ ಕಲಮು?

ಕೆಲಗೇರಿಯ ನಮ್ಮ ಓಣಿಯಲ್ಲಿ ಕ್ಯಾನ್ಸರ್ ಆದ ಅಜ್ಜಿಯೊಬ್ಬರಿದ್ದರು. ಅವರ ಕೊನೆಯ ದಿನಗಳಲ್ಲಿ ಮಗ ಮಾರ್ಫಿನ್ ಗುಳಿಗೆಯ ಚೀಟಿ ಹಿಡಿದು ಅಂಗಡಿ ಅಂಗಡಿ ಅಲೆದ. ಒಬ್ಬ ಅಂಗಡಿಕಾರನಂತೂ ಅವನನ್ನು ನಶೆಬಾಜನೆಂಬಂತೆ ನೋಡಿ ಸಾಗಹಾಕಿದ. "ಈ ಬ್ಯಾನಿ ತಡ್ಯಾಕ ಆಗವಲ್ದೋ ಬೇಟಾ" ಎಂಬ ಅಜ್ಜಿಯ ಕೂಗು ಗೋಡೆಯಾಚೆಯಿಂದ ನಮಗೆ ಕೇಳುತ್ತಿತ್ತು. ಚಟಕ್ಕೆ ಗಾಂಜಾ ಹುಡುಕುವವನಿಗೆ ಇಷ್ಟು ಅಲೆದಾಟವಿಲ್ಲ ಎಂಬುದು ಎಲ್ಲರಿಗೂ ಗೊತ್ತು.

1985ರ ಮಾದಕ ದ್ರವ್ಯ ಕಾಯ್ದೆ ತನ್ನ ಎಂಟನೆಯ ಕಲಮಿನಲ್ಲೇ ವೈದ್ಯಕೀಯ ಬಳಕೆಗೆ ಬಾಗಿಲು ತೆರೆದಿಟ್ಟಿದೆ. ಆದರೆ ಆ ಬಾಗಿಲಿಗೆ ಪರವಾನಗಿಗಳ ಚಿಲಕ ಬಿತ್ತು. ದೇಶದಲ್ಲಿ 1985ರಲ್ಲಿ ಸುಮಾರು 700 ಕಿಲೋ ಇದ್ದ ಮಾರ್ಫಿನ್ ಬಳಕೆ 1997ರ ಹೊತ್ತಿಗೆ 20 ಕಿಲೋಗಿಂತ ಕೆಳಗಿಳಿಯಿತು. ಅಫೀಮು ಬೆಳೆದು ಹೊರದೇಶಗಳಿಗೆ ಮಾರುವ ನಾಡಿನಲ್ಲೇ ರೋಗಿ ನರಳಿದ. 2014ರ ತಿದ್ದುಪಡಿ ಚಿಲಕ ಸಡಿಲಿಸಿತು. ಭಯ ಮಾತ್ರ ಹಾಗೇ ಉಳಿಯಿತು.

ಗಾಂಜಾ ಗಿಡದ ಔಷಧಿಗೂ ಇದೇ ಗತಿಯಾಗಬೇಕೆ? ಹೂವಿನ ತೆನೆಯಷ್ಟೇ ಗಾಂಜಾ, ಬರೀ ಎಲೆ ಬೀಜ ಅಲ್ಲ ಎನ್ನುತ್ತದೆ ಕಾಯ್ದೆ. ಭಂಗಿ ಈ ಕಾಯ್ದೆಯಡಿ ಬರುವುದಿಲ್ಲವೆಂದು ನಮ್ಮ ಹೈಕೋರ್ಟು 2022ರಲ್ಲಿ ಒಂದು ಜಾಮೀನು ಆದೇಶದಲ್ಲಿ ಹೇಳಿತು. ಗಾಂಜಾದ ಬೆಳೆ, ಸಾಗಣೆ, ಮಾರಾಟವನ್ನು ನಿಯಂತ್ರಿಸುವ ಅಧಿಕಾರವನ್ನು ಹತ್ತನೆಯ ಕಲಮು ರಾಜ್ಯ ಸರಕಾರದ ಕೈಗೇ ಕೊಟ್ಟಿದೆ. 2020ರಲ್ಲಿ ವಿಶ್ವಸಂಸ್ಥೆಯ ಆಯೋಗವು ಗಾಂಜಾವನ್ನು ಅತಿ ಅಪಾಯಕಾರಿ ಪಟ್ಟಿಯಿಂದ ತೆಗೆದಾಗ, ಪರವಾಗಿ ಮತ ಹಾಕಿದ 27 ದೇಶಗಳಲ್ಲಿ ಭಾರತವೂ ಇತ್ತು. ವಿಯೆನ್ನಾದಲ್ಲಿ ಎತ್ತಿದ ಕೈ ಧಾರವಾಡದ ರೋಗಿಯ ಮಂಚದವರೆಗೆ ಬರುವುದು ಯಾವಾಗ?

ಹುಡುಗರು ಕೆಡುತ್ತಾರೆ ಎನ್ನುವವರ ಆತಂಕ ಸುಳ್ಳಲ್ಲ. ವಿದ್ಯಾರ್ಥಿಗಳ ಊರಿನಲ್ಲಿ ಬದುಕುವ ನಾವೂ ಮಕ್ಕಳಿದ್ದವರೇ. ಗಾಂಜಾ ಕ್ಯಾನ್ಸರನ್ನೇ ಗುಣಪಡಿಸುತ್ತದೆ ಎಂಬ ಬುರುಡೆಯನ್ನೂ ನಾವು ನಂಬುವುದಿಲ್ಲ. ಆದರೆ ಕಿಮೋಥೆರಪಿಯ ವಾಂತಿಗೆ, ಮಕ್ಕಳ ಕೆಲವು ಬಗೆಯ ಮೂರ್ಛೆರೋಗಕ್ಕೆ ಈ ಗಿಡದ ಅಂಶಗಳಿಂದಾದ ಮದ್ದು ಉಪಯುಕ್ತವೆಂದು ವೈದ್ಯಶಾಸ್ತ್ರ ಒಪ್ಪಿದೆ. ವೈದ್ಯರ ಚೀಟಿ, ಅಳತೆಯ ಪ್ರಮಾಣ, ದಾಸ್ತಾನಿನ ಲೆಕ್ಕ, ಗುಣಮಟ್ಟದ ಪರೀಕ್ಷೆ: ನಿಯಂತ್ರಣವೆಂದರೆ ಇವು. ಇವಿಲ್ಲದ ಕಡೆ ಕಳ್ಳ ವ್ಯಾಪಾರಿಯೇ ವೈದ್ಯನಾಗುತ್ತಾನೆ.

ನಮ್ಮವರಲ್ಲೂ ಕೆಲವರು ಹರಾಮ್ ಎಂಬ ಒಂದೇ ಮಾತಿಗೆ ಚರ್ಚೆ ಮುಗಿಸುತ್ತಾರೆ. ನಶೆ ಹರಾಮ್, ನಿಜ. ಆದರೆ ಜೀವದ ತುರ್ತಿನಲ್ಲಿ ನಿಷಿದ್ಧಕ್ಕೂ ವಿನಾಯಿತಿ ಇದೆಯೆಂದು ಫಿಕ್‌ಹ್ ಬಲ್ಲವರೇ ಹೇಳಿದ್ದಾರೆ. ಝರೂರತ್ ಎಂಬ ಶಬ್ದ ನಮ್ಮ ಮನೆಗಳಲ್ಲಿ ದಿನಾ ಕೇಳುವಂಥದೇ.

ಚಟದವನನ್ನೂ ರೋಗಿಯನ್ನೂ ಬೇರೆಬೇರೆಯಾಗಿ ಗುರುತಿಸಲಾರದ ಸರಕಾರಕ್ಕೆ ಇಬ್ಬರನ್ನೂ ಕಾಯಲು ಬರುವುದಿಲ್ಲ. ಆ ಅಜ್ಜಿ ಈಗಿಲ್ಲ. ಮುಂದಿನ ಚೀಟಿ ಹಿಡಿದವನು ಯಾರ ಮನೆಯ ಮಗನಾಗಿರುತ್ತಾನೋ ಯಾರು ಬಲ್ಲರು?