ಮಗ ಮನೆ ಬದಲಿಸಿದರೆ ಹಳೇ ಬಾಕಿ ಮಾಫಿಯೇ?

ಈ ವಿಷಯ ಬರೆಯಬೇಕೋ ಬೇಡವೋ ಅಂತ ಬಹಳ ದಿನ ಯೋಚಿಸಿದೆ. ಮನೆಯೊಳಗಿನ ಮಾತು ನೋಡಿ. ಕೊನೆಗೆ ಸಂಬಂಧಪಟ್ಟ ಇಬ್ಬರನ್ನೂ ಕೇಳಿದೆ. ಹೆಸರು ಹಾಕದಿದ್ದರೆ ಅಡ್ಡಿಯಿಲ್ಲ ಅಂದರು. ಹಾಗಾಗಿ ಬರೆಯುತ್ತಿದ್ದೇನೆ. ಇದರಲ್ಲಿ ತಪ್ಪು ಮಾಡಿದವರ ಪಟ್ಟಿಯಲ್ಲಿ ನನ್ನ ಹೆಸರೂ ಇದೆ, ಅದನ್ನು ಮೊದಲೇ ಹೇಳಿಬಿಡುತ್ತೇನೆ.

ನನ್ನ ತಂಗಿಯ ಮಗ ಪುಣೆಯಲ್ಲಿ ಕೆಲಸದಲ್ಲಿದ್ದಾನೆ. ಮದುವೆ ನಿಲ್ಲಲಿಲ್ಲ. 2016ರಲ್ಲಿ ವಿಚ್ಛೇದನವಾಯಿತು. ಆಗ ಅವರ ಹುಡುಗನಿಗೆ ಆರು ವರ್ಷ. ಹುಡುಗ ತಾಯಿಯ ಜೊತೆ ಧಾರವಾಡದಲ್ಲಿರಬೇಕು, ಅವನ ಖರ್ಚಿಗೆ ತಂದೆ ತಿಂಗಳಿಗೆ 9,000 ರೂಪಾಯಿ ಕೊಡಬೇಕು ಅಂತ ವಿಚ್ಛೇದನದ ಡಿಕ್ರಿಯಲ್ಲೇ ಆಯಿತು. 2020ರ ಮಾರ್ಚ್‌ವರೆಗೆ ದುಡ್ಡು ಸರಿಯಾಗಿ ಹೋಯಿತು. ಆಮೇಲೆ ಕೊರೋನಾ. ಇವನ ಕಂಪನಿಯಲ್ಲಿ ಮೊದಲು ಸಂಬಳ ಕಡಿತ, ಆಮೇಲೆ ಕೆಲಸವೇ ಹೋಯಿತು. ಏಳೆಂಟು ತಿಂಗಳಲ್ಲಿ ಬೇರೆ ಕೆಲಸ ಸಿಕ್ಕಿತು, ಆದರೆ ತಪ್ಪಿದ ಅಭ್ಯಾಸ ಮತ್ತೆ ಕೂಡಿಕೊಳ್ಳಲಿಲ್ಲ. ಒಂದು ತಿಂಗಳು ಕಳಿಸುವುದು, ಮೂರು ತಿಂಗಳು ಬಿಡುವುದು.. ಹೀಗೇ ನಡೆಯಿತು.

2023ರಲ್ಲಿ ಹುಡುಗನೇ "ನಾ ಪಪ್ಪಾನ ಹತ್ರ ಇದ್ದು ಕಲೀತೀನಿ" ಅಂದ. ಹದಿಮೂರು ವರ್ಷದ ಹುಡುಗ, ಅವನ ಮಾತಿಗೂ ಬೆಲೆ ಇದೆ. ತಾಯಿ ಅತ್ತಳು, ಆದರೆ ಅಡ್ಡ ಬರಲಿಲ್ಲ. ಇಬ್ಬರೂ ಸೇರಿ ಕೋರ್ಟಿಗೆ ಅರ್ಜಿ ಹಾಕಿದರು. ಕಸ್ಟಡಿ ತಂದೆಗೆ ಬಂತು. ಆ ವರ್ಷದ ಜೂನ್‌ನಿಂದ ಜೀವನಾಂಶ ನಿಲ್ಲಿಸಬಹುದು ಅಂತಲೂ ಆದೇಶವಾಯಿತು. ಹಳೇ ಬಾಕಿಯ ಬಗ್ಗೆ ಯಾರೂ ಬಾಯಿ ಬಿಡಲಿಲ್ಲ, ಆದೇಶದಲ್ಲೂ ಒಂದಕ್ಷರ ಬರಲಿಲ್ಲ.

ಎರಡು ತಿಂಗಳ ನಂತರ ಆಕೆ ಬಾಕಿ ಕೇಳಿದಳು. ಇವನು ನನಗೆ ಫೋನ್ ಮಾಡಿದ. "ಹುಡುಗ ಈಗ ನನ್ನ ಹತ್ರನ ಇದ್ದಾನ. ಅವನ ಸಾಲಿ, ಊಟ, ಬಟ್ಟಿ ಎಲ್ಲಾ ನಾನ ನೋಡ್ತೀನಿ. ಇನ್ನ ಆಕಿಗೆ ಯಾಕ ಕೊಡಬೇಕು ಮಾಮಾ?"

ಕೇಳಿದ ಕೂಡಲೇ ನನಗೂ ಹೌದಲ್ಲ ಅನ್ನಿಸಿತು. ಅಷ್ಟೇ ಅಲ್ಲ, ನಾನೇ ಆಕೆಗೆ ಫೋನ್ ಮಾಡಿ ದೊಡ್ಡಮನುಷ್ಯನ ಹಾಗೆ ಬುದ್ಧಿವಾದ ಹೇಳಿದೆ. "ಹೋಗ್ಲಿ ಬಿಡವಾ, ಹುಡುಗನ ಮುಂದಿನ ದಾರಿ ನೋಡೂಣು. ಹಳೇದು ಕೆದಕಿದರ ಯಾರಿಗೂ ಒಳ್ಳೇದಾಗೂದಿಲ್ಲ."

ಆಕೆ ಸಿಟ್ಟಾಗಲಿಲ್ಲ. "ಮಾಮಾರ, ನಾ ನನ್ನ ಸಲುವಾಗಿ ಒಂದು ರೂಪಾಯಿ ಕೇಳಾಕತ್ತಿಲ್ರೀ. ಅಂವಗ ಹಾಕಿದ ರೊಕ್ಕ ಕೇಳಾಕತ್ತೀನಿ. ನೀವು ಬ್ಯಾಂಕಿನವರು. ಒಮ್ಮೆ ಬಂದು ಲೆಕ್ಕ ನೋಡ್ರಿ, ಆಮ್ಯಾಲೆ ಬಿಡು ಅಂದ್ರ ಬಿಡ್ತೀನಿ" ಅಂದಳು.

ಮರುತಿಂಗಳು ಧಾರವಾಡಕ್ಕೆ ಹೋಗುವುದಿತ್ತು. ಆಕೆಯ ಮನೆಗೂ ಹೋದೆ. ಚಹಾ ಕೊಟ್ಟು ಒಂದು ಇನ್ನೂರು ಪೇಜಿನ ನೋಟ್‌ಬುಕ್ ಮುಂದಿಟ್ಟಳು. ಶಾಲೆಯ ಫೀ, ಆನ್‌ಲೈನ್ ಕ್ಲಾಸಿಗೆ ಕೊಂಡ ಮೊಬೈಲ್, ಟ್ಯೂಷನ್, ಬೂಟು, ಹಲ್ಲಿನ ಡಾಕ್ಟರು.. ಎಲ್ಲಕ್ಕೂ ತಾರೀಖು, ಎಲ್ಲಕ್ಕೂ ರಸೀದಿ. ಆಕೆ ಖಾಸಗಿ ಶಾಲೆಯಲ್ಲಿ ಟೀಚರು. ಕೊರೋನಾದಲ್ಲಿ ಆಕೆಯ ಸಂಬಳವೂ ಅರ್ಧವಾಗಿತ್ತು. ನೋಟ್‌ಬುಕ್ಕಿನ ಹಿಂದಿನ ರಟ್ಟಿಗೆ ಪಿನ್ ಹಾಕಿದ್ದ ಒಂದು ಕಾಗದ ಕಂಡಿತು. ಅದನ್ನು ನೋಡಿ ನಾನು ಸುಮ್ಮನಾದೆ. ಬಂಗಾರದ ಸಾಲದ ಚೀಟಿ. 2020ರ ಜುಲೈನಲ್ಲಿ ಎರಡು ಪಾಟಲಿ ಒತ್ತೆ ಇಟ್ಟು 1,10,000 ರೂಪಾಯಿ ಎತ್ತಿದ್ದಾಳೆ. ವರ್ಷವರ್ಷ ಬಡ್ಡಿ ಕಟ್ಟಿ ಅದನ್ನೇ ರಿನ್ಯೂ ಮಾಡಿಸಿದ್ದಾಳೆ. ಹುಡುಗ ಪುಣೆಗೆ ಹೋಗಿ ನಾಲ್ಕು ತಿಂಗಳಾದರೂ ಪಾಟಲಿ ಬ್ಯಾಂಕಿನ ಲಾಕರಿನಲ್ಲೇ ಇವೆ, ಬಡ್ಡಿ ಓಡುತ್ತಲೇ ಇದೆ.

ಮೂವತ್ತು ವರ್ಷದಿಂದ ಇಂಥ ಚೀಟಿಗಳಿಗೆ ಸಹಿ ಹಾಕುತ್ತಾ ಬಂದವನು ನಾನು. ಒತ್ತೆ ಇಟ್ಟವರು ಯಾತಕ್ಕೆ ಇಟ್ಟರು ಅಂತ ಒಂದು ಕಾಲಂ ಇರುತ್ತದೆ. ಅದನ್ನು ಎಂದೂ ಮನಸ್ಸಿಟ್ಟು ಓದಿರಲಿಲ್ಲ.

ಅಲ್ಲೇ ಕೂತು ಲೆಕ್ಕ ಹಾಕಿದೆ. 2020ರ ಏಪ್ರಿಲ್‌ನಿಂದ 2023ರ ಮೇವರೆಗೆ 38 ತಿಂಗಳು. ತಿಂಗಳಿಗೆ 9,000ದಂತೆ 3,42,000 ಆಗಬೇಕು. ಅವನು ಕಳಿಸಿದ್ದು 11 ತಿಂಗಳದ್ದು, 99,000. ಉಳಿದದ್ದು 2,43,000.

ಈಗ ನನ್ನ ಅಭಿಪ್ರಾಯ ಹೇಳುತ್ತೇನೆ. ಕಸ್ಟಡಿ ಬದಲಾದ ತಾರೀಖಿನಿಂದ ಮುಂದಿನ ಹೊಣೆ ಬದಲಾಗುತ್ತದೆ, ಹಿಂದಿನ ಬಾಕಿ ಬದಲಾಗುವುದಿಲ್ಲ. ಆ 38 ತಿಂಗಳು ಹುಡುಗ ಉಪವಾಸ ಇರಲಿಲ್ಲ, ಶಾಲೆ ಬಿಡಲಿಲ್ಲ. ಅಂದರೆ ತಂದೆ ಹಾಕಬೇಕಾದ ದುಡ್ಡನ್ನು ಬೇರೆ ಯಾರೋ ಹಾಕಿದ್ದಾರೆ. ಹಾಕಿದವರು ಸಾಲ ಮಾಡಿ ಹಾಕಿದ್ದಾರೆ. ಹುಡುಗ ಪುಣೆಯ ರೈಲು ಹತ್ತಿದ ಮಾತ್ರಕ್ಕೆ ಧಾರವಾಡದ ಆ ಸಾಲ ತೀರುತ್ತದೆಯೇ?

ನಮ್ಮ ಬ್ಯಾಂಕಿನ ಭಾಷೆಯಲ್ಲಿ ಹೇಳುವುದಾದರೆ, ಖಾತೆ ಒಂದು ಬ್ರಾಂಚಿನಿಂದ ಇನ್ನೊಂದಕ್ಕೆ ವರ್ಗವಾದರೆ ಓವರ್‌ಡ್ಯೂ ಸೊನ್ನೆ ಆಗುವುದಿಲ್ಲ. ಅಷ್ಟೇ ಏಕೆ, ಬ್ಯಾಂಕು ತನ್ನ ಪುಸ್ತಕದಲ್ಲಿ ಸಾಲವನ್ನು ರೈಟ್ ಆಫ್ ಮಾಡಿದರೂ ಸಾಲಗಾರ ಕೊಡಬೇಕಾದದ್ದು ಕೊಡಬೇಕಾದದ್ದೇ. ನಮ್ಮ ಹುಡುಗನ ವಿಷಯದಲ್ಲಂತೂ ಯಾರೂ ರೈಟ್ ಆಫ್ ಕೂಡ ಮಾಡಿರಲಿಲ್ಲ. ಆದೇಶ ಸುಮ್ಮನಿತ್ತು, ಇವನು ಆ ಮೌನವನ್ನೇ ಮಾಫಿ ಅಂತ ಓದಿಕೊಂಡ.

ನಾನು ವಕೀಲನಲ್ಲ, ಬಿ.ಕಾಂ. ಓದಿದವನು. ಆದರೂ ಈ ಗಲಾಟೆಯಲ್ಲಿ ವಕೀಲರನ್ನು ಕೇಳಿ, ಓದಿ ತಿಳಿದುಕೊಂಡ ಕೆಲವು ಸಂಗತಿ ಹೇಳುತ್ತೇನೆ. ನಮ್ಮಲ್ಲಿ ಎಷ್ಟೋ ಮಂದಿಗೆ ಇವು ಗೊತ್ತಿಲ್ಲ.

ಒಂದು. ಜೀವನಾಂಶದ ದಾರಿಗಳು ಬೇರೆ ಬೇರೆ. ಹಿಂದಿನ ಸಿಆರ್‌ಪಿಸಿಯ 125ನೇ ಕಲಂ ಎಲ್ಲರಿಗೂ ಗೊತ್ತು. 2024ರ ಜುಲೈ 1ರಿಂದ ಅದರ ಜಾಗಕ್ಕೆ ಭಾರತೀಯ ನಾಗರಿಕ ಸುರಕ್ಷಾ ಸಂಹಿತೆಯ 144ನೇ ಕಲಂ ಬಂದಿದೆ. ಯಾವ ಧರ್ಮದವರಿಗಾದರೂ ಇದು ಅನ್ವಯಿಸುತ್ತದೆ. ಈ ದಾರಿಯಲ್ಲಿ ಆದೇಶ ಪಡೆದವರು ಒಂದು ಮಾತು ನೆನಪಿಡಬೇಕು. ಬಾಕಿ ವಸೂಲಿಗೆ ವಾರಂಟ್ ಬೇಕಾದರೆ, ದುಡ್ಡು ಕೊಡಬೇಕಾದ ದಿನದಿಂದ ಒಂದು ವರ್ಷದೊಳಗೆ ಅರ್ಜಿ ಹಾಕಬೇಕು. ಇವತ್ತು ಕೊಡ್ತಾನೆ, ನಾಳೆ ಕೊಡ್ತಾನೆ ಅಂತ ಕಾಯುತ್ತಾ ಕೂತವರಿಗೆ ಈ ಗಡುವಿನಿಂದಲೇ ಪೆಟ್ಟು ಬೀಳುತ್ತದೆ. ವಿಚ್ಛೇದನದ ಡಿಕ್ರಿಯಲ್ಲೇ ತಿಂಗಳ ಮೊತ್ತ ಬರೆದಿದ್ದರೆ ಅದನ್ನು ಸಿವಿಲ್ ಡಿಕ್ರಿಯ ಹಾಗೆ ಜಾರಿ ಮಾಡಿಸಬಹುದು. ಅದಕ್ಕೆ 12 ವರ್ಷದ ಅವಧಿ, ಅದೂ ಪ್ರತಿ ಕಂತು ತಪ್ಪಿದ ದಿನದಿಂದ. ನಮ್ಮ ಹುಡುಗಿಯದು ಈ ಎರಡನೇ ಬಗೆ, ಪುಣ್ಯ.

ಎರಡು. "ಬೇಕಾದರೆ ಜೈಲಿಗೆ ಹೋಗ್ತೀನಿ, ಕೊಡಲ್ಲ" ಅನ್ನುವ ವೀರರೂ ಇದ್ದಾರೆ. ಜೈಲಿಗೆ ಹೋಗಿ ಬಂದರೂ ಬಾಕಿ ತೀರುವುದಿಲ್ಲ ಅಂತ ಸುಪ್ರೀಂ ಕೋರ್ಟು ಕುಲದೀಪ್ ಕೌರ್ ಪ್ರಕರಣದಲ್ಲಿ 1980ರ ದಶಕದ ಕೊನೆಯಲ್ಲೇ ಹೇಳಿಬಿಟ್ಟಿದೆ. ಜೈಲು ಇರುವುದು ವಸೂಲಿಗೆ, ಲೆಕ್ಕ ಚುಕ್ತಾ ಮಾಡುವುದಕ್ಕಲ್ಲ.

ಮೂರು. ಸಂಬಳ ಜಪ್ತಿ. ಮಾಮೂಲಿ ಸಾಲದ ಡಿಕ್ರಿಯಲ್ಲಿ ಸಂಬಳದ ಸಣ್ಣ ಪಾಲಿಗೆ ಮಾತ್ರ ಕೈ ಹಾಕಬಹುದು. ಜೀವನಾಂಶದ ಡಿಕ್ರಿಯಾದರೆ ಸಿವಿಲ್ ಪ್ರೊಸೀಜರ್ ಕೋಡಿನ 60ನೇ ಕಲಂ ಪ್ರಕಾರ ಸಂಬಳದ ಮೂರನೇ ಒಂದು ಭಾಗಕ್ಕಷ್ಟೇ ರಕ್ಷಣೆ. ಮಕ್ಕಳ ಅನ್ನದ ಬಾಕಿಯನ್ನು ಕಾನೂನು ಬೇರೆ ಸಾಲದ ಸಾಲಿನಲ್ಲಿ ನಿಲ್ಲಿಸಿಲ್ಲ ಅನ್ನುವುದಕ್ಕೆ ಇಷ್ಟು ಸಾಕು.

ಇನ್ನು ತಂದೆಯ ಕಡೆಯ ಮಾತು. ಅವನಿಗೂ ನ್ಯಾಯ ಬೇಕಲ್ಲ. ಕೆಲಸ ಹೋದಾಗ ಎಲ್ಲಿಂದ ತರಲಿ ಅಂದ. ಸರಿಯಾದ ಪ್ರಶ್ನೆ. ಅದಕ್ಕೆ ಕೋರ್ಟಿನಲ್ಲಿ ದಾರಿ ಇದೆ. ಪರಿಸ್ಥಿತಿ ಬದಲಾದರೆ ಮೊತ್ತ ಬದಲಿಸಿ ಅಂತ ಅರ್ಜಿ ಹಾಕಬಹುದು. ಇವನು ಹಾಕಲಿಲ್ಲ, ತಾನೇ ಜಡ್ಜ್ ಆಗಿ ತನ್ನ ಪರವಾಗಿ ತೀರ್ಪು ಕೊಟ್ಟುಕೊಂಡ. ಹೊಸ ಕೆಲಸ ಸಿಕ್ಕಮೇಲೂ ಆ ತೀರ್ಪು ಬದಲಾಗಲಿಲ್ಲ.

"ಆಕಿ ಆ ರೊಕ್ಕ ತನಗ ಖರ್ಚು ಮಾಡ್ಕೊಂಡ್ರ?" ಅಂತಲೂ ಕೇಳಿದ. ಮಾಡಿಕೊಳ್ಳಲಿ! ಮನೆಗೆ ದಿನಸಿ ಉದ್ದರಿ ಕೊಟ್ಟ ಅಂಗಡಿಯವನಿಗೆ ದುಡ್ಡು ಕೊಡುವಾಗ "ಇದರಲ್ಲಿ ನೀನು ಸಿನಿಮಾ ನೋಡಬಾರದು" ಅಂತ ಹೇಳುತ್ತೇವೆಯೇ? ಹುಡುಗನಿಗೆ ಆಗಬೇಕಾದ ಖರ್ಚು ಆಗಲೇ ಆಗಿಹೋಗಿದೆ. ಈಗ ಕೊಡುವುದು ಹಾಕಿದವರ ಕೈಗೆ ವಾಪಸ್ಸು.

ಮೂರನೇ ಮಾತು ಸ್ವಲ್ಪ ಗಟ್ಟಿಯಾದದ್ದು. "ಈಗ ಹುಡುಗ ನನ್ನ ಹತ್ರ ಇದ್ದಾನ, ಆಕಿನೂ ಕೊಡಬೇಕಲ್ಲ?" ಹೌದು, ಕೊಡಬೇಕು. 1956ರ ಹಿಂದೂ ದತ್ತಕ ಮತ್ತು ಜೀವನಾಂಶ ಕಾಯ್ದೆಯ 20ನೇ ಕಲಂ ಮಕ್ಕಳನ್ನು ಸಾಕುವ ಹೊಣೆಯನ್ನು ತಂದೆ ತಾಯಿ ಇಬ್ಬರ ಮೇಲೂ ಹಾಕಿದೆ. ಸುಪ್ರೀಂ ಕೋರ್ಟು 2020ರ ನವೆಂಬರ್‌ನಲ್ಲಿ ಕೊಟ್ಟ ರಜನೀಶ್ ಮತ್ತು ನೇಹಾ ತೀರ್ಪಿನಲ್ಲೂ, ತಾಯಿಗೆ ಸಾಕಷ್ಟು ದುಡಿಮೆ ಇದ್ದರೆ ಮಕ್ಕಳ ಖರ್ಚನ್ನು ಇಬ್ಬರೂ ಅವರವರ ಪ್ರಮಾಣದಲ್ಲಿ ಹಂಚಿಕೊಳ್ಳಬಹುದು ಅಂದಿದೆ. ಇಬ್ಬರೂ ತಮ್ಮ ಆಸ್ತಿ, ಆದಾಯ, ಸಾಲದ ವಿವರವನ್ನು ಅಫಿಡವಿಟ್‌ನಲ್ಲಿ ಕೊಡಬೇಕು ಅಂತ ಹೇಳಿದ್ದೂ ಅದೇ ತೀರ್ಪು. ಆದರೆ ಅದು ಮುಂದಿನ ಲೆಕ್ಕ. ಅದನ್ನು ಕೇಳಬೇಕಾದರೆ ಹೊಸದಾಗಿ ಕೇಳಬೇಕು. ಅವಳ ಮೇಲೆ ಆದೇಶವೇ ಇಲ್ಲದ ಹಣವನ್ನು ನಿನ್ನ ಮೇಲೆ ಆದೇಶವಿದ್ದ ಹಣಕ್ಕೆ ನೀನೇ ವಜಾ ಹಾಕಿಕೊಳ್ಳಲಾಗದು.

ಇದೇ ನ್ಯಾಯ ಉಲ್ಟಾ ಕೂಡ ಇದೆ. ಮಗು ತಂದೆಯ ಮನೆಗೆ ಬಂದಿರುತ್ತದೆ, ಆದರೆ ಯಾರೂ ಕೋರ್ಟಿಗೆ ಹೋಗಿ ಆದೇಶ ಬದಲಿಸಿಕೊಂಡಿರುವುದಿಲ್ಲ. ಕಾಗದದ ಮೇಲೆ ಜೀವನಾಂಶ ಓಡುತ್ತಲೇ ಇರುತ್ತದೆ. ಎರಡು ವರ್ಷ ಬಿಟ್ಟು ವಸೂಲಿ ಅರ್ಜಿ ಬಂದಾಗ ತಂದೆ ತಲೆ ಮೇಲೆ ಕೈ ಹೊತ್ತು ಕೂರುತ್ತಾನೆ. ಮಗುವನ್ನೂ ಸಾಕಿದ, ಬಾಕಿಗೂ ಸಿಕ್ಕಿಬಿದ್ದ. ಅದು ಅನ್ಯಾಯವೇ. ಮಗು ಬಂದ ವಾರವೇ ಇಬ್ಬರೂ ಸೇರಿ ಒಂದು ಅರ್ಜಿ ಹಾಕಿದ್ದರೆ ಅದು ತಪ್ಪುತ್ತಿತ್ತು.

ಆದ್ದರಿಂದ ಕಸ್ಟಡಿ ಬದಲಿಸುವಾಗ ನಿಮ್ಮ ವಕೀಲರ ಬೆನ್ನು ಹತ್ತಿ ಆದೇಶದಲ್ಲಿ ಮೂರು ಸಾಲು ಬರೆಸಿಕೊಳ್ಳಿ. ಯಾವ ತಾರೀಖಿನಿಂದ ಜೀವನಾಂಶ ನಿಲ್ಲುತ್ತದೆ. ಆ ತಾರೀಖಿನವರೆಗೆ ಬಾಕಿ ಎಷ್ಟು. ಅದನ್ನು ಎಷ್ಟು ಕಂತಿನಲ್ಲಿ ಕೊಡುವುದು. ಹಾಗೇ ದುಡ್ಡು ಖಾತೆಯಿಂದ ಖಾತೆಗೇ ಹೋಗಲಿ, ಯಾವ ತಿಂಗಳದ್ದು ಅಂತ ನಮೂದಾಗಿರಲಿ. "ಹಬ್ಬಕ್ಕೆ ಬಂದಾಗ ಕೈಯಲ್ಲಿ ಹತ್ತು ಸಾವಿರ ಕೊಟ್ಟಿದ್ದೆ" ಅನ್ನುವುದಕ್ಕೆ ಸಾಕ್ಷಿ ಎಲ್ಲಿಂದ ತರುತ್ತೀರಿ?

ನಮ್ಮ ಮನೆಯ ಕಥೆ ಏನಾಯಿತು ಅಂತೀರಾ? ಧಾರವಾಡದಿಂದ ಡೊಂಬಿವಿಲಿಗೆ ವಾಪಸ್ಸು ಬರುವಾಗ ಪುಣೆಯಲ್ಲಿ ಇಳಿದೆ. ಊಟ ಆದಮೇಲೆ ಅವನ ಮುಂದೆ ಲೆಕ್ಕದ ಹಾಳೆ ಇಟ್ಟೆ. ವಾದ ಜೋರಾಯಿತು. ಒಳಗೆ ಓದುತ್ತಾ ಕೂತಿದ್ದ ಹುಡುಗ ಬಾಗಿಲಿಗೆ ಬಂದು ನಿಂತಿದ್ದು ನಮ್ಮಿಬ್ಬರಿಗೂ ಗೊತ್ತಾಗಲಿಲ್ಲ. "ಮಮ್ಮಿ ಪಾಟಲಿ ಇಡಾಕ ಹೋದಾಗ ನಾನೂ ಬ್ಯಾಂಕಿಗೆ ಹೋಗಿದ್ದೆ ಪಪ್ಪಾ" ಅಂದ. ಅಷ್ಟೇ ಅಂದು ಒಳಗೆ ಹೋದ. ಮೂರು ವರ್ಷ ಆ ಹುಡುಗ ಇದನ್ನು ಯಾರ ಮುಂದೂ ಆಡಿರಲಿಲ್ಲ. ಮಕ್ಕಳಿಗೇನು ತಿಳಿಯುತ್ತದೆ ಅಂದುಕೊಂಡು ನಾವು ದೊಡ್ಡವರು ಮಾತಾಡುತ್ತಿರುತ್ತೇವೆ.

ಆ ವರ್ಷದ ದೀಪಾವಳಿಗೆ 83,000 ಹೋಯಿತು. ಪಾಟಲಿ ಬಿಡಿಸಲು ಉಳಿದದ್ದನ್ನು ಆಕೆಯ ಅಣ್ಣ ಸೇರಿಸಿದ. ಉಳಿದ 1,60,000 ತಿಂಗಳಿಗೆ ಹತ್ತು ಸಾವಿರದಂತೆ 16 ಕಂತು, ಡಿಸೆಂಬರ್‌ನಿಂದ. 2025ರ ಮಾರ್ಚ್‌ನಲ್ಲಿ ಕೊನೇ ಕಂತು ಹೋಯಿತು. ಆಕೆ ಕಟ್ಟಿದ ಬಂಗಾರದ ಸಾಲದ ಬಡ್ಡಿ ಮಾತ್ರ ಈ ಲೆಕ್ಕದಲ್ಲಿ ಸೇರಲಿಲ್ಲ. ಆಕೆ ಕೇಳಲಿಲ್ಲ, ಇವನು ಕೊಡಲಿಲ್ಲ. ಅದನ್ನೂ ಕೊಡಬೇಕಿತ್ತು ಅಂತಲೇ ನನ್ನ ಅಭಿಪ್ರಾಯ. ಕಂತು ಮುಗಿದ ಮೇಲೆ ಹುಡುಗನ ಟ್ಯೂಷನ್ನಿಗೆ ಅಂತ ಆಕೆಯೇ ತಿಂಗಳಿಗೆ ಎರಡು ಸಾವಿರ ಕಳಿಸಲು ಶುರು ಮಾಡಿದಳು. ಯಾವ ಕೋರ್ಟೂ ಹೇಳಿರಲಿಲ್ಲ.

"ಹೋಗ್ಲಿ ಬಿಡವಾ" ಅಂದದ್ದಕ್ಕೆ ನಾನು ಆಕೆಯ ಕ್ಷಮೆ ಕೇಳಿದೆ. ಊರು ಬಿಟ್ಟು ಬಂದ ನಮ್ಮಂಥವರ ಕುಟುಂಬಗಳಲ್ಲಿ ಒಬ್ಬರು ಮುಂಬೈ, ಒಬ್ಬರು ಪುಣೆ, ಒಬ್ಬರು ಊರಲ್ಲಿ. ಇಂಥ ತಕರಾರು ಬಂದಾಗ ಹಿರಿಯರು ಅಂತ ನಮಗೇ ಫೋನ್ ಬರುತ್ತದೆ. ದೂರದಿಂದ ನಾವು "ಬಿಟ್ಟುಬಿಡು" ಅನ್ನುವುದು ಯಾವಾಗಲೂ ಹೆಣ್ಣುಮಗಳಿಗೇ. ಇನ್ನೊಮ್ಮೆ ಅಂಥ ಫೋನ್ ಬಂದರೆ ಮೊದಲು ಲೆಕ್ಕದ ಪುಸ್ತಕ ತರಿಸಿ ನೋಡೋಣ. ನಿಮ್ಮ ಮನೆಗಳಲ್ಲೂ ಇಂಥದ್ದು ನಡೆದಿರಬಹುದು. ನೀವೇನಂತೀರಿ?